ದೊಡ್ಡ ಕಂಪನಿಗೂ ನಮ್ಮ ಜಿಲ್ಲೆಯ ರಾಜಕೀಯಕ್ಕೂ ಇರೋ ನಂಟನ್ನ ಕಾಗದದಲ್ಲಿ ಹುಡುಕೋದು ಹೇಗೆ

ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆ ಯಾವ ಹೋಟೆಲಲ್ಲಿ ಕೂತ್ರೂ ಒಂದು ಮಾತು ಕಿವಿಗೆ ಬಿದ್ದೇ ಬೀಳತ್ತೆ, "ಕಂಪನಿಯವರು ಹೇಳಿದಂಗೆ ಸರ್ಕಾರ ನಡೆಯೋದು ಬಿಡ್ರಿ" ಅಂತ. ಹೇಳೋರ ಹತ್ರ ಒಂದು ಚೀಟಿ ಕಾಗದನೂ ಇರಲ್ಲ. ಹಂಗಂತ ಅವರ ಮಾತು ಸುಳ್ಳು ಅಂತಲ್ಲ, ಆದ್ರೆ ಆ ಮಾತು ಹೋಟೆಲ್ ಬಾಗಿಲು ದಾಟಲ್ಲ. ತಹಶೀಲ್ದಾರ್ ಮುಂದೆ ನಿಲ್ಲಲ್ಲ, ಕೋರ್ಟಲ್ಲಿ ನಿಲ್ಲಲ್ಲ, ಪತ್ರಿಕೆಯವರೂ ಅಚ್ಚು ಹಾಕಲ್ಲ. ಅದಕ್ಕೇ ಇದನ್ನ ಬರೀತಿದ್ದೀನಿ. ದೊಡ್ಡ ಉದ್ಯಮ ಸಮೂಹ ಒಂದು ಜಿಲ್ಲೆಯಲ್ಲಿ ಬೇರು ಬಿಟ್ಟಾಗ ಅದಕ್ಕೂ ಅಲ್ಲಿನ ಅಧಿಕಾರಕ್ಕೂ ಏನು ಸಂಬಂಧ ಅನ್ನೋದನ್ನ ಸಾಮಾನ್ಯ ಜನ, ಅಂದ್ರೆ ನೀವು ನಾವು, ಸರ್ಕಾರದ್ದೇ ದಾಖಲೆ ಇಟ್ಕೊಂಡು ಹೆಂಗೆ ಹುಡುಕಬಹುದು ಅಂತ.

ಮೊದಲು ಒಂದು ನೋಟ್‌ಬುಕ್ ತಗೊಳ್ಳಿ, ಎಕ್ಸೆಲ್ ಬರೋರು ಎಕ್ಸೆಲ್ ಮಾಡ್ಕೊಳ್ಳಿ. ನಾಲ್ಕೇ ಕಾಲಂ. ತಾರೀಖು, ಏನಾಯ್ತು, ಅದಕ್ಕೆ ಕಾಗದ ಯಾವುದು, ಅವತ್ತು ಅಧಿಕಾರದಲ್ಲಿ ಯಾರಿದ್ರು. ಕೆಲಸ ಎಲ್ಲಾ ಇದೇ. ಯಾರೋ ಒಬ್ಬ ನಾಯಕನ ಹೆಸರು ತಲೇಲಿ ಇಟ್ಕೊಂಡು ಶುರು ಮಾಡಿದ್ರೆ ಕಣ್ಣಿಗೆ ಬೇಕಾದ್ದು ಮಾತ್ರ ಕಾಣತ್ತೆ. ತಾರೀಖು ಇಟ್ಕೊಂಡು ಶುರು ಮಾಡಿದ್ರೆ ನೀವು ಅಂದ್ಕೊಳ್ಳದೇ ಇದ್ದಿದ್ದೂ ಸಿಗತ್ತೆ.

ಉದಾಹರಣೆಗೆ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಂಪನಿಯ ಜಮೀನು ತಗೊಳ್ಳಿ, ಒಟ್ಟು 3,667 ಎಕರೆ. ತೋರಣಗಲ್ಲು, ಕುರೆಕುಪ್ಪ, ಮುಸಿನಾಯಕನಹಳ್ಳಿ, ಯರಬನಹಳ್ಳಿ ಊರುಗಳ ಜಮೀನು. 2006-07ರ ಹೊತ್ತಿಗೆ ಲೀಸ್ ಕಂ ಸೇಲ್ ಕರಾರಲ್ಲಿ ಕೊಟ್ಟಿದ್ದು, ಅಂದ್ರೆ ಮೊದಲು ಗುತ್ತಿಗೆ, ಷರತ್ತು ಪೂರೈಸಿದ ಮೇಲೆ ಮಾರಾಟ. 2019ರ ಮೇ ತಿಂಗಳಲ್ಲಿ ಕುಮಾರಸ್ವಾಮಿ ಅವರ ಸಮ್ಮಿಶ್ರ ಸರ್ಕಾರ ಇದನ್ನ ಕ್ರಯ ಮಾಡಿಕೊಡೋದಕ್ಕೆ ತೀರ್ಮಾನ ಮಾಡ್ತು, ಎಕರೆಗೆ ಒಂದು ಭಾಗಕ್ಕೆ ಸುಮಾರು 1.22 ಲಕ್ಷ, ಇನ್ನೊಂದು ಭಾಗಕ್ಕೆ ಸುಮಾರು 1.50 ಲಕ್ಷ. ಆಗ ಕಾಂಗ್ರೆಸ್ಸಿನ ಒಳಗಿಂದಲೇ ಎಚ್.ಕೆ. ಪಾಟೀಲರು ವಿರೋಧ ಮಾಡಿದ್ರು, ಬಿಜೆಪಿಯವರು ಯಡಿಯೂರಪ್ಪನವರ ಮುಂದಾಳತ್ವದಲ್ಲಿ ಬೆಂಗಳೂರಲ್ಲಿ ಅಹೋರಾತ್ರಿ ಧರಣಿ ಕೂತ್ರು. ವಿಷಯ ನಿಂತೋಯ್ತು. 2021ರಲ್ಲಿ ಅದೇ ಯಡಿಯೂರಪ್ಪನವರು ಮುಖ್ಯಮಂತ್ರಿ ಆಗಿದ್ದಾಗ ಸಂಪುಟ ಅದೇ ಜಮೀನಿಗೆ ಒಪ್ಪಿಗೆ ಕೊಡ್ತು, ಅವರ ಪಕ್ಷದ ಶಾಸಕರೇ ಗಲಾಟೆ ಮಾಡಿದ ಮೇಲೆ ತಡೆ ಹಿಡೀತು. 2024ರ ಆಗಸ್ಟಲ್ಲಿ ಸಿದ್ದರಾಮಯ್ಯನವರ ಸಂಪುಟ ಮತ್ತೆ ಒಪ್ಪಿಗೆ ಕೊಡ್ತು.

ಈ ಮೂರು ಸಾಲನ್ನ ನೋಟ್‌ಬುಕ್ಕಲ್ಲಿ ಒಂದರ ಕೆಳಗೊಂದು ಬರೆದು ನೋಡಿ. ಮೂರು ಸರ್ಕಾರ, ಮೂರು ಪಕ್ಷದ ಮುಖ್ಯಮಂತ್ರಿಗಳು, ಫೈಲ್ ಮಾತ್ರ ಒಂದೇ. ವಿರೋಧ ಪಕ್ಷದಲ್ಲಿದ್ದಾಗಿನ ಮಾತು ಒಂದು, ಕುರ್ಚಿ ಮೇಲೆ ಕೂತಾಗಿನ ಸಹಿ ಇನ್ನೊಂದು. ಇದರಲ್ಲಿ ಯಾರೂ ಕಾನೂನು ಮುರಿದ್ರು ಅಂತ ನಾನು ಹೇಳ್ತಿಲ್ಲ, ಕರಾರಲ್ಲಿ ಇದ್ದಿದ್ದನ್ನೇ ಮಾಡಿದ್ವಿ ಅಂತ ಸರ್ಕಾರ ಹೇಳತ್ತೆ, ಅದೂ ನಿಮ್ಮ ನೋಟ್‌ಬುಕ್ಕಲ್ಲಿ ಬರಬೇಕು. ಆದ್ರೆ ಕಂಪನಿ ಯಾವುದೋ ಒಂದು ಪಕ್ಷದ ಜೇಬಲ್ಲಿದೆ ಅಂತ ನಾವು ಅಂದ್ಕೊಂಡಿರೋದು ಎಷ್ಟು ತಪ್ಪು ಅಂತ ಈ ಮೂರು ಸಾಲೇ ತೋರಿಸ್ತವೆ. ಪಕ್ಷಗಳು ಬರ್ತವೆ ಹೋಗ್ತವೆ, ಫೈಲ್ ಅಲ್ಲೇ ಇರತ್ತೆ. ಹಾಗಾಗಿ ನೀವು ಬೆನ್ನು ಹತ್ತಬೇಕಾದ್ದು ಫೈಲನ್ನ.

ಕಂಪನಿ ಕಡೆಯಿಂದ

ಕೇಂದ್ರ ಕಂಪನಿ ವ್ಯವಹಾರ ಸಚಿವಾಲಯದ ಎಂಸಿಎ ಸೈಟಲ್ಲಿ ಯಾವ ಕಂಪನಿ ಹೆಸರು ಹಾಕಿದ್ರೂ ಮಾಸ್ಟರ್ ಡೇಟಾ ಬರತ್ತೆ. ಅದರಲ್ಲಿ ಸಿಐಎನ್ ಅಂತ 21 ಅಕ್ಷರದ ಒಂದು ನಂಬರ್ ಇರತ್ತೆ, ಅದನ್ನ ಓದೋಕೆ ಕಲೀರಿ. ಮೊದಲ ಅಕ್ಷರ ಎಲ್ ಇದ್ರೆ ಷೇರು ಪೇಟೆಯಲ್ಲಿರೋ ಕಂಪನಿ, ಯು ಇದ್ರೆ ಅಲ್ಲ. ಆಮೇಲೆ ಐದು ಅಂಕಿ ಉದ್ಯಮದ ಕೋಡ್, ಆಮೇಲೆ ಕೆಎ ಅಂತ ಇದ್ರೆ ಕರ್ನಾಟಕದಲ್ಲಿ ನೋಂದಣಿ, ಆಮೇಲೆ ನಾಲ್ಕು ಅಂಕಿ ಶುರುವಾದ ವರ್ಷ. ವರ್ಷ ಬಹಳ ಮುಖ್ಯ. ಗಣಿ ಗುತ್ತಿಗೆ ಅಥವಾ ಟೆಂಡರ್ ಸಿಗೋದಕ್ಕೆ ನಾಲ್ಕು ತಿಂಗಳು ಮುಂಚೆ ಹುಟ್ಟಿದ ಕಂಪನಿ ಅಂದ್ರೆ ಅಲ್ಲಿ ನಿಂತು ನೋಡಬೇಕು.

ನೂರು ರೂಪಾಯಿ ಕಟ್ಟಿದ್ರೆ ಒಂದು ಕಂಪನಿ ಸಲ್ಲಿಸಿರೋ ದಾಖಲೆಗಳನ್ನ ತೆಗೆದು ನೋಡಬಹುದು. ಎಲ್ಲಾ ಓದೋಕೆ ಹೋಗ್ಬೇಡಿ, ಸುಸ್ತಾಗ್ತೀರಿ. ಎಂಜಿಟಿ-7 ಅನ್ನೋದು ವಾರ್ಷಿಕ ರಿಟರ್ನ್, ಅದರಲ್ಲಿ ಡೈರೆಕ್ಟರ್‌ಗಳು, ಷೇರು ಯಾರ ಹತ್ರ ಎಷ್ಟಿದೆ ಅಂತ ಇರತ್ತೆ. ಎಒಸಿ-4 ಜೊತೆಗೆ ಲೆಕ್ಕಪತ್ರ, ಅದರಲ್ಲಿ ರಿಲೇಟೆಡ್ ಪಾರ್ಟಿ ಅನ್ನೋ ಟಿಪ್ಪಣಿ ಹುಡುಕಿ, ಸಮೂಹದ ಒಳಗೇ ದುಡ್ಡು ಯಾವ ಕಂಪನಿಯಿಂದ ಯಾವ ಕಂಪನಿಗೆ ಹೋಯ್ತು ಅಂತ ಅಲ್ಲಿ ಕಾಣತ್ತೆ. ಸಿಎಚ್‌ಜಿ-1 ಸಾಲದ ಕಾಗದ, ಬ್ಯಾಂಕಿಗೆ ಅಡ ಇಟ್ಟ ಜಮೀನಿನ ವಿವರ ಎಷ್ಟೋ ಸಲ ಅಲ್ಲೇ ಸಿಗತ್ತೆ. ಬಿಇಎನ್-2 ಇದ್ರೆ ಅದನ್ನೂ ತೆಗೀರಿ, ಶೇಕಡಾ 10 ಅಥವಾ ಅದಕ್ಕಿಂತ ಜಾಸ್ತಿ ನಿಜವಾದ ಹಿಡಿತ ಇರೋ ವ್ಯಕ್ತಿ ಯಾರು ಅಂತ ಕಂಪನಿ ಹೇಳಬೇಕಾದ ಫಾರಂ ಅದು.

ಇನ್ನೊಂದು ಸುಲಭದ ದಾರಿ ಇದೆ, ನೋಂದಾಯಿತ ವಿಳಾಸ. ಒಂದೇ ಕಟ್ಟಡ, ಒಂದೇ ಮಹಡಿ ವಿಳಾಸದಲ್ಲಿ ಎಂಟು ಹತ್ತು ಕಂಪನಿ ಇರೋದು ಸಾಮಾನ್ಯ. ಡೈರೆಕ್ಟರ್‌ಗೆ ಡಿಐಎನ್ ಅಂತ ನಂಬರ್ ಇರತ್ತಲ್ಲ, ಅದನ್ನ ಹಿಡಿದು ಅವರು ಇನ್ನೆಲ್ಲೆಲ್ಲಿ ಡೈರೆಕ್ಟರ್ ಅಂತ ನೋಡಿ. ಹೆಸರು ಹಿಡಿದು ಹೋಗ್ಬೇಡಿ, ನಮ್ಮಲ್ಲಿ ಒಂದೇ ಹೆಸರಿನ ರೆಡ್ಡಿ, ಗೌಡ, ಪಾಟೀಲ ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು. ಡಿಐಎನ್ ಹೊಂದಬೇಕು, ಇಲ್ಲಾಂದ್ರೆ ತಂದೆ ಹೆಸರು ಮತ್ತು ವಿಳಾಸ ಎರಡೂ ಹೊಂದಬೇಕು, ಅದಕ್ಕಿಂತ ಕಮ್ಮಿ ಇದ್ರೆ ನೋಟ್‌ಬುಕ್ಕಿಗೆ ಹಾಕ್ಬೇಡಿ.

ರಾಜಕಾರಣಿ ಕಡೆಯಿಂದ

ಚುನಾವಣೆಗೆ ನಿಲ್ಲೋರು ನಾಮಪತ್ರದ ಜೊತೆ ಫಾರಂ 26 ಅಂತ ಪ್ರಮಾಣಪತ್ರ ಕೊಡಬೇಕು, ಅದು ಚುನಾವಣಾ ಆಯೋಗದ ಸೈಟಲ್ಲಿ ಎಲ್ಲರಿಗೂ ಸಿಗತ್ತೆ, ಹಳೇದು ಬೇಕಾದ್ರೆ ಎಡಿಆರ್ ಸಂಸ್ಥೆಯ ಮೈನೇತಾ ಸೈಟಲ್ಲಿ ಸಿಗತ್ತೆ. 2013, 2018, 2023, ಮೂರೂ ವಿಧಾನಸಭಾ ಚುನಾವಣೆಯದ್ದು ಪಕ್ಕಪಕ್ಕ ಇಡಿ. ಒಟ್ಟು ಆಸ್ತಿ ಎಷ್ಟು ಪಟ್ಟು ಆಯ್ತು ಅಂತ ಎಲ್ಲರೂ ನೋಡ್ತಾರೆ, ಅದು ಅಷ್ಟೇನೂ ಹೇಳಲ್ಲ ಅನ್ನೋದು ನನ್ನ ಅನುಭವ, ಜಮೀನಿನ ಬೆಲೆ ಏರಿದ್ರೂ ಆಸ್ತಿ ಏರತ್ತೆ. ನೀವು ನೋಡ್ಬೇಕಾದ್ದು ಬೇರೆ. ಯಾವ ಕಂಪನಿಯಲ್ಲಿ ಷೇರು ಇದೆ, ಯಾರಿಂದ ಸಾಲ ತಗೊಂಡಿದ್ದಾರೆ, ಯಾರಿಗೆ ಕೊಟ್ಟಿದ್ದಾರೆ, ಜಮೀನಿನ ಸರ್ವೆ ನಂಬರ್ ಯಾವುದು. ಖಾಸಗಿ ಕಂಪನಿಯಿಂದ ಬಡ್ಡಿ ಇಲ್ಲದ ಕೈಸಾಲ ಅಂತ ಇದ್ರೆ ಆ ಕಂಪನಿ ಹೆಸರು ತಗೊಂಡು ಮತ್ತೆ ಎಂಸಿಎ ಸೈಟಿಗೆ ವಾಪಸ್ ಹೋಗಿ.

ಒಂದು ದೊಡ್ಡ ತೂತು ಇದೆ ಇದರಲ್ಲಿ. ಪ್ರಮಾಣಪತ್ರದಲ್ಲಿ ಬರೋದು ಅಭ್ಯರ್ಥಿ, ಗಂಡ ಅಥವಾ ಹೆಂಡತಿ, ಅವಿಭಕ್ತ ಕುಟುಂಬ, ಅವಲಂಬಿತರು ಇಷ್ಟೇ. ದುಡಿಯೋ ಮಗ, ಅಳಿಯ, ತಮ್ಮ, ಭಾವಮೈದ ಯಾರೂ ಬರಲ್ಲ, ವ್ಯವಹಾರ ಇರೋದು ಬಹುತೇಕ ಅವರ ಹೆಸರಲ್ಲೇ. ಅದನ್ನ ಹುಡುಕೋಕೆ ಮೇಲೆ ಹೇಳಿದ ಡೈರೆಕ್ಟರ್ ಪಟ್ಟಿ ಒಂದೇ ದಾರಿ. ಆದ್ರೆ ಸಾರ್ವಜನಿಕ ಹುದ್ದೆಯಲ್ಲಿ ಇಲ್ಲದ ಮನೆಯವರ ಹೆಸರನ್ನ ಫೇಸ್‌ಬುಕ್ಕಲ್ಲಿ ಹಾಕೋದು ಸರಿಯಲ್ಲ. ಟೆಂಡರ್ ಅಥವಾ ಗುತ್ತಿಗೆ ಅವರ ಹೆಸರಲ್ಲೇ ಇದ್ರೆ ಮಾತು ಬೇರೆ.

ದೇಣಿಗೆ

ಚುನಾವಣಾ ಬಾಂಡ್ ಅಂದ್ರೆ ಕೊಟ್ಟೋರ ಹೆಸರು ಹೊರಗೆ ಬರದಂಗೆ ಪಕ್ಷಕ್ಕೆ ದುಡ್ಡು ಕೊಡೋಕೆ ಬ್ಯಾಂಕಲ್ಲಿ ಕೊಳ್ತಿದ್ದ ಪತ್ರ. ಆ ಯೋಜನೆಯನ್ನ ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ಕ್ಕೆ ರದ್ದು ಮಾಡ್ತು. ಮಾರ್ಚ್ 14ಕ್ಕೆ ಚುನಾವಣಾ ಆಯೋಗದ ಸೈಟಲ್ಲಿ ಪಟ್ಟಿ ಹೊರಗೆ ಬಂತು, ಆದ್ರೆ ಯಾರು ಕೊಂಡ್ರು ಅನ್ನೋದು ಒಂದು ಕಡೆ, ಯಾವ ಪಕ್ಷ ನಗದು ಮಾಡ್ತು ಅನ್ನೋದು ಇನ್ನೊಂದು ಕಡೆ. ಮಾರ್ಚ್ 21ಕ್ಕೆ ಬಾಂಡ್ ನಂಬರ್ ಸಮೇತ ಬಂತು, ಈಗ ಎರಡನ್ನೂ ಜೋಡಿಸಬಹುದು. 2019ರ ಏಪ್ರಿಲ್ 12ರಿಂದ ಈಚೆಗಿನದ್ದು ಅದರಲ್ಲಿದೆ. ಹುಡುಕುವಾಗ ಸಮೂಹದ ದೊಡ್ಡ ಹೆಸರು ಒಂದನ್ನೇ ಹಾಕಿ ಸಿಗಲಿಲ್ಲ ಅಂತ ಬಿಡಬೇಡಿ, ಬಾಂಡ್ ಕೊಂಡಿರೋದು ಎಷ್ಟೋ ಸಲ ಅಂಗಸಂಸ್ಥೆ ಹೆಸರಲ್ಲಿ, ಅದಕ್ಕೇ ಸಮೂಹದ ಕಂಪನಿಗಳ ಪಟ್ಟಿ ಮೊದಲೇ ಮಾಡ್ಕೊಳ್ಳಿ. ಬಾಂಡ್ ಅಲ್ಲದೆ ಎಲೆಕ್ಟೋರಲ್ ಟ್ರಸ್ಟ್ ಮೂಲಕನೂ ದುಡ್ಡು ಹೋಗತ್ತೆ, ಪ್ರುಡೆಂಟ್ ಅಂತ ಒಂದು ದೊಡ್ಡ ಟ್ರಸ್ಟ್ ಇದೆ, ಬಂದ ದುಡ್ಡಲ್ಲಿ ಶೇಕಡಾ 95ರಷ್ಟನ್ನ ಆಯಾ ವರ್ಷ ಪಕ್ಷಗಳಿಗೆ ಹಂಚಬೇಕು ಅನ್ನೋದು ನಿಯಮ, ಅದರ ವಾರ್ಷಿಕ ವರದಿ ಆಯೋಗದ ಸೈಟಲ್ಲೇ ಇರತ್ತೆ. 20 ಸಾವಿರಕ್ಕಿಂತ ಮೇಲಿನ ನೇರ ದೇಣಿಗೆಯನ್ನೂ ಪಕ್ಷಗಳು ಆಯೋಗಕ್ಕೆ ಹೇಳಬೇಕು.

ಇಲ್ಲಿ ಎಚ್ಚರಿಕೆ ಬೇಕು. ಇದು ಪಕ್ಷಕ್ಕೆ ಹೋದ ದುಡ್ಡು. ಅದು ನಿಮ್ಮ ಕ್ಷೇತ್ರದ ಶಾಸಕರ ಕೈಗೆ ಬಂತು ಅಂತ ಯಾವ ಪಟ್ಟಿನೂ ಹೇಳಲ್ಲ, ನೀವೂ ಹೇಳ್ಬೇಡಿ. ದೇಣಿಗೆ ತಾರೀಖಿನ ಪಕ್ಕ ಆದೇಶದ ತಾರೀಖು ಇಟ್ಟು ಬಿಟ್ಬಿಡಿ, ಓದೋರು ಓದ್ಕೊಳ್ತಾರೆ.

ಜಮೀನು, ಅನುಮತಿ

ದೊಡ್ಡ ಯೋಜನೆ ಅಂದ್ರೆ ಕಾಗದ ಮೊದಲು ಹೋಗೋದು ಕರ್ನಾಟಕ ಉದ್ಯೋಗ ಮಿತ್ರಕ್ಕೆ, ಹೂಡಿಕೆ ಅರ್ಜಿ ನೋಡೋ ರಾಜ್ಯ ಸರ್ಕಾರದ ಸಂಸ್ಥೆ ಅದು. ಹೂಡಿಕೆ 15 ಕೋಟಿವರೆಗೆ ಇದ್ರೆ ಜಿಲ್ಲಾ ಸಮಿತಿ, 15ರಿಂದ 500 ಕೋಟಿವರೆಗೆ ಕೈಗಾರಿಕಾ ಸಚಿವರ ಅಧ್ಯಕ್ಷತೆಯ ರಾಜ್ಯ ಸಮಿತಿ, 500 ಕೋಟಿ ಮೇಲೆ ಹೋದ್ರೆ ಮುಖ್ಯಮಂತ್ರಿಗಳೇ ಅಧ್ಯಕ್ಷರಾಗಿರೋ ಉನ್ನತ ಮಟ್ಟದ ಸಮಿತಿ. ಪ್ರತಿ ಸಭೆಗೂ ನಡವಳಿ ಇರತ್ತೆ. ಎಷ್ಟು ಎಕರೆ, ಎಷ್ಟು ನೀರು, ಎಷ್ಟು ಕರೆಂಟು, ಎಷ್ಟು ಉದ್ಯೋಗ ಅಂತ ಎಲ್ಲಾ ಆ ನಡವಳಿಯಲ್ಲಿ ಇರತ್ತೆ. ಐದು ವರ್ಷ ಆದ ಮೇಲೆ ಎಷ್ಟು ಜನಕ್ಕೆ ಕೆಲಸ ಸಿಕ್ತು ಅಂತ ಕೇಳೋಕೆ ನಿಮ್ಮ ಹತ್ರ ಇರಬೇಕಾದ ಕಾಗದ ಅದೇ.

ರೈತರ ಜಮೀನಾದ್ರೆ ಕೆಐಎಡಿಬಿ, ಅಂದ್ರೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಮೂಲಕ ಸ್ವಾಧೀನ ಆಗತ್ತೆ, ಅದಕ್ಕೆ 1966ರ ಕಾಯ್ದೆ ಇದೆ. 28(1) ಅಂದ್ರೆ ಪ್ರಾಥಮಿಕ ಅಧಿಸೂಚನೆ, 28(4) ಅಂದ್ರೆ ಅಂತಿಮ. ಪಹಣಿ ತೆಗೆದು ನೋಡಿ, 9ನೇ ಕಾಲಮ್ಮಲ್ಲಿ ಯಾರ ಹೆಸರಿದೆ, 11ನೇ ಕಾಲಮ್ಮಲ್ಲಿ ಈ ಅಧಿಸೂಚನೆ ಏರಿದೆಯಾ ಅಂತ. ಪಹಣಿ ಒಂದೇ ಸಾಕಾಗಲ್ಲ, ಹಿಂದಿನ ಎಂ.ಆರ್., ಅಂದ್ರೆ ಹಕ್ಕು ಬದಲಾವಣೆ ಪ್ರತಿಗಳನ್ನೂ ತೆಗೆಸಿ, ನೋಂದಣಿ ಇಲಾಖೆಯ ಕಾವೇರಿ ಸೈಟಲ್ಲಿ ಇ.ಸಿ., ಅಂದ್ರೆ ಋಣಭಾರ ಪತ್ರಕ್ಕೆ ಹಾಕಿ. ಅಧಿಸೂಚನೆ ಬರೋದಕ್ಕೆ ಒಂದು ವರ್ಷ ಎರಡು ವರ್ಷ ಮುಂಚೆ ಆ ಸರ್ವೆ ನಂಬರುಗಳನ್ನ ರೈತರಿಂದ ಯಾರು ಕೊಂಡ್ರು ಅನ್ನೋದೇ ನಿಜವಾದ ಪ್ರಶ್ನೆ. ಬಡ ರೈತ ಸಾಲಕ್ಕೆ ಅಂತ ಮಾರಿರ್ತಾನೆ, ಕೊಂಡವರು ಪರಿಹಾರ ಎಣಿಸ್ಕೊಂಡಿರ್ತಾರೆ. ಇದನ್ನ ಪಹಣಿಯಲ್ಲಿ ಕಣ್ಣಾರೆ ನೋಡಿದಾಗ ಹೊಟ್ಟೆ ಉರಿಯತ್ತೆ, ಆದ್ರೂ ಸಿಟ್ಟಲ್ಲಿ ಬರೆಯೋಕೆ ಕೂರ್ಬೇಡಿ, ನಕಲು ತಗೊಂಡು ಮನೆಗೆ ಬನ್ನಿ.

ಅದಿರಿನ ಲೆಕ್ಕದಿಂದ ಕಲಿಯೋದು

ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಬಳ್ಳಾರಿ ಕಡೆಯ ಅಕ್ರಮ ಕಬ್ಬಿಣದ ಅದಿರು ಗಣಿಗಾರಿಕೆ ಬಗ್ಗೆ 2011ರ ಜುಲೈ 27ಕ್ಕೆ ಕೊಟ್ಟ ವರದಿಯನ್ನ ಎಲ್ಲರೂ ಯಡಿಯೂರಪ್ಪನವರ ರಾಜೀನಾಮೆಗಾಗಿ ನೆನಪಿಟ್ಟಿದ್ದಾರೆ. ನಾನು ಅದನ್ನ ಇವತ್ತಿಗೂ ತೆಗೆದು ಓದೋದು ಅದರ ವಿಧಾನಕ್ಕೋಸ್ಕರ. ಯಾರು ಕಳ್ಳ ಅಂತ ಹುಡುಕೋದಕ್ಕೆ ಮುಂಚೆ ಅವರು ಎರಡು ಲೆಕ್ಕ ಪಕ್ಕಪಕ್ಕ ಇಟ್ರು. ಪರ್ಮಿಟ್ ಇದ್ದ ಅದಿರು ಎಷ್ಟು, ಬಂದರುಗಳಿಂದ ಹೊರಗೆ ಹೋದ ಅದಿರು ಎಷ್ಟು. 2006ರಿಂದ 2010ರ ನಡುವೆ ಸುಮಾರು 2.98 ಕೋಟಿ ಟನ್ ಅಕ್ರಮವಾಗಿ ರಫ್ತಾಗಿದೆ ಅಂತ ಬಂತು, ಒಟ್ಟು ನಷ್ಟ 16,085 ಕೋಟಿ ಅಂತ ವರದಿ ಹೇಳ್ತು. ಅಷ್ಟೊಂದು ಅದಿರು ಲಾರಿಯಲ್ಲಿ ಹೋಗಬೇಕಾದ್ರೆ ಚೆಕ್‌ಪೋಸ್ಟ್ ಬೇಕು, ಅರಣ್ಯ ಇಲಾಖೆ ಬೇಕು, ಗಣಿ ಇಲಾಖೆ ಬೇಕು, ಬಂದರು ಬೇಕು. ಆಮೇಲಷ್ಟೇ ಹೆಸರುಗಳು ಬಂದಿದ್ದು. ಆ ಕಾಲದ ಸಂಪುಟ ನೋಡಿ, 2008ರಲ್ಲಿ ಜನಾರ್ದನ ರೆಡ್ಡಿ, ಕರುಣಾಕರ ರೆಡ್ಡಿ, ಶ್ರೀರಾಮುಲು ಮೂವರೂ ಮಂತ್ರಿಗಳು, ಮೂವರೂ ಬಳ್ಳಾರಿ ಗುಂಪಿನವರು, ಕಂದಾಯ ಖಾತೆ ಕರುಣಾಕರ ರೆಡ್ಡಿ ಅವರ ಹತ್ರ.

ನೀವೂ ಇದೇ ರೀತಿ ಎರಡು ಇಲಾಖೆಯ ಲೆಕ್ಕ ತಾಳೆ ನೋಡಬಹುದು. ಕಂಪನಿ ಪರಿಸರ ಅನುಮತಿಯಲ್ಲಿ ಹೇಳಿದ ಉತ್ಪಾದನೆ ಒಂದು, ಗಣಿ ಇಲಾಖೆಗೆ ರಾಜಧನ, ಅಂದ್ರೆ ರಾಯಲ್ಟಿ ಕಟ್ಟಿದ್ದು ಎಷ್ಟು ಅದಿರಿಗೆ ಅನ್ನೋದು ಇನ್ನೊಂದು. ಪರಿಸರ ಅನುಮತಿ ಪತ್ರ, ಆರು ತಿಂಗಳಿಗೊಮ್ಮೆ ಕೊಡೋ ಪಾಲನಾ ವರದಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಸೈಟಲ್ಲಿ ಸಿಗ್ತವೆ. ಗಣಿಯಿಂದ ತೊಂದರೆ ಆದ ಊರುಗಳಿಗೆ ಅಂತ ಇರೋ ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡನ್ನೂ ನೋಡಿ, ಹಳೇ ಗುತ್ತಿಗೆಯಾದ್ರೆ ರಾಜಧನದ ಶೇಕಡಾ 30, ಹರಾಜಿನದ್ದಾದ್ರೆ ಶೇಕಡಾ 10 ಅಲ್ಲಿಗೆ ಬರಬೇಕು, ಅದು ಧೂಳು ತಿನ್ನೋ ಊರುಗಳಿಗೆ ಹೋಯ್ತಾ ಅಥವಾ ಜಿಲ್ಲಾ ಕೇಂದ್ರದ ಕಟ್ಟಡಕ್ಕೆ ಹೋಯ್ತಾ ಅಂತ ಕಾಮಗಾರಿ ಪಟ್ಟಿ ಹೇಳತ್ತೆ.

ಮಾಹಿತಿ ಹಕ್ಕು ಅರ್ಜಿ

ಸೈಟಲ್ಲಿ ಸಿಗದೇ ಇರೋದಕ್ಕೆಲ್ಲಾ ಆರ್‌ಟಿಐ. ಕರ್ನಾಟಕದಲ್ಲಿ ಅರ್ಜಿ 150 ಪದದ ಒಳಗಿರಬೇಕು, ಒಂದು ಅರ್ಜಿಗೆ ಒಂದೇ ವಿಷಯ, ಶುಲ್ಕ 10 ರೂಪಾಯಿ, ಪುಟಕ್ಕೆ 2 ರೂಪಾಯಿ. ನಾನು ಮೊದಮೊದಲು "ಇಷ್ಟು ಕಮ್ಮಿ ಬೆಲೆಗೆ ಯಾಕೆ ಕೊಟ್ರಿ" ಅಂತ ಕೇಳ್ತಿದ್ದೆ, ಇದು ಮಾಹಿತಿ ಅನ್ನೋದರ ವ್ಯಾಖ್ಯೆಗೆ ಬರಲ್ಲ ಅಂತ ಒಂದು ಕಚೇರಿಯಿಂದ ಒಂದೇ ಸಾಲಿನ ಹಿಂಬರಹ ಬಂತು, ಎರಡು ತಿಂಗಳು ಹೋಯ್ತು. ಯಾಕೆ ಅಂತ ಕೇಳೋ ಬದಲು ಕಾಗದ ಕೇಳಿ. ಹೀಗೆ ಬರೀರಿ: "ಇಂಥ ತಾರೀಖಿನ, ಇಂಥ ನಂಬರಿನ ಸರ್ಕಾರಿ ಆದೇಶಕ್ಕೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆಗಳು ಮತ್ತು ಪತ್ರ ವ್ಯವಹಾರದ ಎಲ್ಲಾ ಪುಟಗಳ ದೃಢೀಕೃತ ನಕಲು ಕೊಡಿ." ಟಿಪ್ಪಣಿ ಹಾಳೆ ಅನ್ನೋ ಪದ ಬಿಟ್ರೆ ಕೆಟ್ಟಿರಿ. ಕೆಳಗಿನ ಗುಮಾಸ್ತರಿಂದ ಕಾರ್ಯದರ್ಶಿವರೆಗೆ ಯಾರು ಬೇಡ ಅಂದ್ರು, ಹಣಕಾಸು ಇಲಾಖೆ ಏನಂತು, ಕಾನೂನು ಇಲಾಖೆ ಏನಂತು, ಆಮೇಲೆ ಯಾರ ಸಹಿ ಬಿದ್ದು ಬೇಕು ಅಂತಾಯ್ತು ಅನ್ನೋದೆಲ್ಲಾ ಇರೋದು ಅಲ್ಲೇ. ಎಷ್ಟೋ ಅಧಿಕಾರಿಗಳು ಕೈಲಾಗದೇ ಇದ್ರೂ ತಮ್ಮ ಆಕ್ಷೇಪಣೆಯನ್ನ ಟಿಪ್ಪಣಿಯಲ್ಲಿ ಬರೆದಿಟ್ಟು ಹೋಗಿರ್ತಾರೆ, ಅಂಥವರ ಮೇಲೆ ನನಗೆ ಬಹಳ ಗೌರವ.

ಕಂಪನಿ ವಿಷಯ ಅಂದ ಕೂಡಲೇ ಎರಡು ಅಡ್ಡಿ ಬರ್ತವೆ. ಒಂದು, ವ್ಯಾಪಾರದ ಗೋಪ್ಯತೆ ಅಂತ ಆರ್‌ಟಿಐ ಕಾಯ್ದೆಯ ಸೆಕ್ಷನ್ 8(1)(ಡಿ). ಇನ್ನೊಂದು, ಮೂರನೇ ವ್ಯಕ್ತಿಯ ಮಾಹಿತಿ ಅಂತ ಸೆಕ್ಷನ್ 11 ಹಾಕಿ ಕಂಪನಿಗೆ ನೋಟಿಸ್ ಕಳಿಸ್ತಾರೆ, ಕಂಪನಿ ಕೊಡಬೇಡಿ ಅನ್ನತ್ತೆ, ಅಧಿಕಾರಿ ಅದನ್ನೇ ನಿಮಗೆ ಉತ್ತರ ಅಂತ ಕಳಿಸ್ತಾರೆ. ಕಂಪನಿ ಬೇಡ ಅಂದ್ರೆ ಮುಗೀತು ಅಂತ ಕಾನೂನಲ್ಲಿ ಇಲ್ಲ, ಆಕ್ಷೇಪಣೆ ಕೇಳಿ ತೀರ್ಮಾನ ಮಾಡಬೇಕಾದ್ದು ಅಧಿಕಾರಿಯೇ, ಸಾರ್ವಜನಿಕ ಹಿತ ದೊಡ್ಡದಿದ್ರೆ ಕೊಡಲೇಬೇಕು. ಮೇಲ್ಮನವಿಯಲ್ಲಿ ಇದನ್ನೇ ಬರೀರಿ. ಸಂಪುಟದ ಟಿಪ್ಪಣಿ ಕೊಡಲ್ಲ ಅಂತಾರೆ, ತೀರ್ಮಾನ ಆಗಿ ವಿಷಯ ಮುಗಿದ ಮೇಲೆ ಅದನ್ನ ಕೊಡಬೇಕು ಅಂತ 8(1)(ಐ) ಒಳಗೇ ಇದೆ. 30 ದಿನಕ್ಕೆ ಉತ್ತರ ಬರದಿದ್ರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಆಗಲಿಲ್ಲ ಅಂದ್ರೆ 90 ದಿನದೊಳಗೆ ಮಾಹಿತಿ ಆಯೋಗ. ತಡ ಮಾಡಿದ್ರೆ ನಕಲು ಪುಕ್ಕಟೆ ಕೊಡಬೇಕು, ಕೇಳಿ ತಗೊಳ್ಳಿ. ಒಬ್ಬರೇ ಹೋಗ್ಬೇಡಿ, ಅರ್ಜಿಗಳನ್ನ ನಾಲ್ಕೈದು ಜನ ಹಂಚ್ಕೊಂಡು ಹಾಕಿ, ಸಿಕ್ಕಿದ ಕಾಗದದ ಪ್ರತಿ ಬೇರೆ ಊರಲ್ಲಿರೋ ಒಬ್ಬ ಗೆಳೆಯರ ಹತ್ರ ಇರಲಿ. ಹೆದರಿಸೋಕೆ ಹೇಳ್ತಿಲ್ಲ, ಮಾಹಿತಿ ಕೇಳಿದ್ದಕ್ಕೆ ಏಟು ತಿಂದವರು ಇದ್ದಾರೆ. ಇನ್ನು ಶಾಸಕರೊಬ್ಬರು ಒಪ್ಪಿದ್ರೆ ಸದನದಲ್ಲಿ ಪ್ರಶ್ನೆ ಹಾಕಿಸಿ, ಮಂತ್ರಿ ಉತ್ತರ ಆರ್‌ಟಿಐಗಿಂತ ಬೇಗ ಬರತ್ತೆ.

ಬರೆಯುವಾಗ

ಆರೋಪ ಬರೆದ್ರೆ ತೀರ್ಪನ್ನೂ ಬರೀಬೇಕು. ಅದೇ ಲೋಕಾಯುಕ್ತ ವರದಿಯಲ್ಲಿ ಯಡಿಯೂರಪ್ಪ ಕುಟುಂಬದ ಪ್ರೇರಣಾ ಟ್ರಸ್ಟಿಗೆ ಜಿಂದಾಲ್ ಸಮೂಹದ ಸೌತ್ ವೆಸ್ಟ್ ಮೈನಿಂಗ್ ಕಂಪನಿ 10 ಕೋಟಿ ದೇಣಿಗೆ ಕೊಟ್ಟಿದ್ದು ಬಂತು, ಅದೇ ಕಂಪನಿ ಯಡಿಯೂರಪ್ಪ ಕುಟುಂಬದವರ ರಾಚೇನಹಳ್ಳಿ ಜಮೀನನ್ನ 20 ಕೋಟಿಗೆ ಕೊಂಡಿದ್ದು ಬಂತು. ಸಿಬಿಐ ಕೇಸ್ ಹಾಕ್ತು. 2016ರ ಅಕ್ಟೋಬರಲ್ಲಿ ವಿಶೇಷ ಕೋರ್ಟ್ ಯಡಿಯೂರಪ್ಪ, ಮಕ್ಕಳು, ಕಂಪನಿಗಳು ಸೇರಿ ಎಲ್ಲರನ್ನೂ ಖುಲಾಸೆ ಮಾಡ್ತು. ಮೊದಲರ್ಧ ಬರೆದು ಎರಡನೇದು ಬಿಟ್ರೆ ನೀವು ಸುಳ್ಳು ಹೇಳಿದಂಗೆ, ಮಾನನಷ್ಟ ಕೇಸೂ ಬರಬಹುದು. ಆದ್ರೆ ಇದರಿಂದ ಒಂದು ಪಾಠ ಇದೆ, ಸಮೂಹ ಕಂಪನಿಗಳ ಹಣ ನೇರ ಕಾಣದಿದ್ದಾಗ ಶಾಲೆ, ಆಸ್ಪತ್ರೆ, ಟ್ರಸ್ಟುಗಳ ಪತ್ರಗಳನ್ನ ಉಪನೋಂದಣಾಧಿಕಾರಿ ಕಚೇರಿಯಲ್ಲಿ ತೆಗೆಸಿ ಟ್ರಸ್ಟಿಗಳು ಯಾರು ಅಂತ ನೋಡ್ಕೊಳ್ಳಬೇಕು.

ಇದನ್ನ ತಗೊಂಡು ಹೋಗೋದೆಲ್ಲಿಗೆ

ಹೊಸ ಗಣಿ ಅಥವಾ ಕಾರ್ಖಾನೆ ವಿಸ್ತರಣೆ ಅಂದ್ರೆ 2006ರ ಪರಿಸರ ಅಧಿಸೂಚನೆ ಪ್ರಕಾರ ಬಹುತೇಕ ಕಡೆ ಸಾರ್ವಜನಿಕ ಅಹವಾಲು ಸಭೆ ಆಗಬೇಕು. ಕಮ್ಮಿ ಅಂದ್ರೂ 30 ದಿನ ಮುಂಚೆ ಪತ್ರಿಕೆಯಲ್ಲಿ ನೋಟಿಸ್, ವರದಿಯ ಸಾರಾಂಶ ಕನ್ನಡದಲ್ಲಿ ಪಂಚಾಯತಿಯಲ್ಲಿ, ಡಿಸಿ ಕಚೇರಿಯಲ್ಲಿ ಇಟ್ಟಿರಬೇಕು. ಶಾಸಕರು, ಕಂಪನಿಯವರು, ಡಿಸಿ ಅಥವಾ ಅವರ ಪರವಾಗಿ ಬಂದ ಅಧಿಕಾರಿ ಒಂದೇ ವೇದಿಕೆ ಹತ್ರ ಸಿಗೋ ಅಪರೂಪದ ದಿನ ಅದು. ಭಾಷಣ ಮಾಡ್ಬೇಡಿ. ನೋಟ್‌ಬುಕ್ಕಿಂದ ಮೂರು ಸಾಲು ಓದಿ, ಇಂಥ ತಾರೀಖಿನ ನಡವಳಿಯಲ್ಲಿ ಇಷ್ಟು ಉದ್ಯೋಗ ಅಂದಿದ್ರಿ, ಇಂಥ ವರ್ಷದ ಪಾಲನಾ ವರದಿಯಲ್ಲಿ ಇಷ್ಟು ಅಂತಿದೆ, ಉಳಿದದ್ದು ಎಲ್ಲಿ ಅಂತ ಕೇಳಿ, ಕಾಗದದ ಪ್ರತಿಯನ್ನ ಕೈಗೆ ಕೊಟ್ಟು ಸ್ವೀಕೃತಿ ಬರೆಸ್ಕೊಳ್ಳಿ.

ಸಭೆ ಮುಗಿಯೋ ಹೊತ್ತಿಗೆ ಊಟದ ಪೆಂಡಾಲ್ ಕಡೆ ಜನ ಎದ್ದು ಹೋಗ್ತಾರೆ, ಬಸ್ಸಿಗೆ ಹೊತ್ತಾಯ್ತು ಅಂತಾನೂ ಹೋಗ್ತಾರೆ. ನೀವು ಏಳ್ಬೇಡಿ. ಅವತ್ತಿನ ನಡವಳಿಯ ಸಾರಾಂಶವನ್ನ ಮಾಲಿನ್ಯ ನಿಯಂತ್ರಣ ಮಂಡಳಿಯವರು ಅಲ್ಲೇ ಕನ್ನಡದಲ್ಲಿ ಓದಿ ಹೇಳಬೇಕು, ಆಮೇಲೇ ಅಧಿಕಾರಿ ಸಹಿ ಹಾಕೋದು. ನಿಮ್ಮ ಪ್ರಶ್ನೆ ಅದರಲ್ಲಿ ಬಂದಿಲ್ಲ ಅಂದ್ರೆ ಸಹಿ ಬೀಳೋದಕ್ಕೆ ಮುಂಚೆ ಕೈ ಎತ್ತಿ ಸೇರಿಸಿ ಅನ್ನಿ, ಸೇರಿಸಿದ್ದನ್ನ ಇನ್ನೊಂದು ಸಲ ಓದಿಸಿ.